6 ಅಡಿಯ ಸಿಹಿನೀರಿನ ಅಕ್ವೇರಿಯಂಗೆ ನೋಡಲು ಚೆಂದವಾದ, ಸ್ವಚ್ಛಗೊಳಿಸಲು ಸುಲಭವಾದ ತಳಹಾಸು ಯಾವುದು?

ಪ್ರಶ್ನೆ: ಹೊಳೆಬದಿ

ಎಲ್ಲರಿಗೂ ನಮಸ್ಕಾರ. ಮೈಸೂರಿನ ನಮ್ಮ ಮನೆಯ ನೆಲ ಅಂತಸ್ತಿನ ಹಜಾರದಲ್ಲಿ 6 ಅಡಿ ಉದ್ದ, 2 ಅಡಿ ಅಗಲ, 2 ಅಡಿ ಎತ್ತರದ ಸಿಹಿನೀರಿನ ಅಕ್ವೇರಿಯಂ ಒಂದನ್ನು ಸಿದ್ಧಪಡಿಸುತ್ತಿದ್ದೇವೆ. ಗಾಜಿನ ತೊಟ್ಟಿ, ಕಬ್ಬಿಣದ ಸ್ಟ್ಯಾಂಡು, ತೊಟ್ಟಿಯ ಹೊರಗಿಡುವ, ಡಬ್ಬಿಯಂಥ ಎರಡು ಕೆನಿಸ್ಟರ್ ಫಿಲ್ಟರುಗಳು ಬಂದಾಗಿವೆ. ತೀರ್ಮಾನವಾಗದೆ ಉಳಿದಿರುವುದು ತಳಕ್ಕೆ ಏನು ಹಾಸಬೇಕು ಎಂಬುದೊಂದೇ.

ಇದರಲ್ಲಿ ಪಶ್ಚಿಮ ಘಟ್ಟದ ಮೀನುಗಳನ್ನು ಸಾಕಬೇಕೆಂಬುದು ನಮ್ಮ ಬಯಕೆ. ಅಂಗಡಿಗಳಲ್ಲಿ ಮಿಸ್ ಕೇರಳ ಎಂದು ಕರೆಯುವ ಡೆನಿಸನ್ ಬಾರ್ಬ್‌ಗಳ ಒಂದು ಗುಂಪು, ಫಿಲಮೆಂಟ್ ಬಾರ್ಬ್‌ಗಳ ಇನ್ನೊಂದು ಗುಂಪು, ತಳದಲ್ಲಿ ಓಡಾಡಲು ಒಂದಷ್ಟು ಜೀಬ್ರಾ ಲೋಚ್‌ಗಳು. ಈಗಿರುವ 3 ಅಡಿಯ ತೊಟ್ಟಿಯಲ್ಲಿ ಬಿಳಿ ಅಮೃತಶಿಲೆಯ ಚೂರುಗಳೂ ಬಣ್ಣ ಹಚ್ಚಿದ ನೀಲಿ ಕಲ್ಲುಗಳೂ ಇವೆ. ಅವುಗಳ ಸಂದುಗಳಿಗೆ ಇಳಿದ ಹಿಕ್ಕೆಯನ್ನೂ ಮೀನು ತಿನ್ನದೆ ಬಿಟ್ಟ ಆಹಾರವನ್ನೂ ಸೈಫನ್ನಿನಿಂದ (ನೀರಿನೊಡನೆ ಕಸವನ್ನು ಹೊರಗೆಳೆಯುವ ಕೊಳವೆ) ಎಷ್ಟು ಎಳೆದರೂ ಮುಗಿಯುವುದಿಲ್ಲ. ಒಂದು ಕಲ್ಲನ್ನು ಕದಲಿಸಿದರೆ ಸಾಕು, ನೀರೆಲ್ಲ ಕದಡಿ ಕಂದಾಗುತ್ತದೆ. ಇಷ್ಟು ದೊಡ್ಡ ತೊಟ್ಟಿಯಲ್ಲಿ ಅದೇ ಪಾಡು ಮರುಕಳಿಸಬಾರದು.

ನೋಡಿದವರಿಗೆ ಮಲೆನಾಡಿನ ತೊರೆಯೊಂದರ ತುಣುಕಿನಂತೆ ಕಾಣಬೇಕು, ವಾರಕ್ಕೊಮ್ಮೆ ಮುಕ್ಕಾಲು ಗಂಟೆಯೊಳಗೆ ಸ್ವಚ್ಛತೆ ಮುಗಿಯಬೇಕು ಎಂಬ ಎರಡು ಆಸೆಗಳು ಒಟ್ಟಿಗೆ ಈಡೇರುವುದಾದರೆ ಯಾವುದನ್ನು ಆರಿಸಬೇಕು? ಮರಳೋ, ಸಣ್ಣ ಜಲ್ಲಿಯೋ, ದುಂಡು ಕಲ್ಲುಗಳೋ? ಕಟ್ಟಡಕ್ಕೆ ಬಳಸುವ ಎಂ ಸ್ಯಾಂಡ್ ನಮ್ಮಲ್ಲಿ ಸುಲಭವಾಗಿ ಸಿಗುತ್ತದೆ. ಅದನ್ನು ತೊಳೆದು ಹಾಕಬಹುದೇ? ಗಿಡಗಳಿಗೆಂದು ಮಾರುವ ಅಕ್ವಾ ಸಾಯಿಲ್ ಇಂಥ ತೊಟ್ಟಿಗೆ ಅಗತ್ಯವೇ? ಬಣ್ಣ, ದಪ್ಪ, ತೂಕಗಳ ಬಗ್ಗೆಯೂ ತಿಳಿಸಿದರೆ ಉಪಕಾರವಾಗುತ್ತದೆ. ವರ್ಷದ ಬಹುಪಾಲು ಕಾವೇರಿ ನೀರು ಬರುತ್ತದೆ, ಬೇಸಿಗೆಯಲ್ಲಿ ಕೊಳವೆಬಾವಿಯ ನೀರೂ ಬೆರೆಯುತ್ತದೆ.

ಉತ್ತರ: ಮರಳುಗಣ್ಣು

ತಳಹಾಸನ್ನು ಆರಿಸುವಾಗ ಎಲ್ಲರ ಗಮನವೂ ಮೊದಲು ಬಣ್ಣದ ಕಡೆಗೆ ಹೋಗುತ್ತದೆ. ಆದರೆ ಸ್ವಚ್ಛತೆ ಸುಲಭವಾಗುತ್ತದೆಯೋ ಕಷ್ಟವಾಗುತ್ತದೆಯೋ ಎಂಬುದನ್ನು ನಿರ್ಧರಿಸುವುದು ಕಣದ ಗಾತ್ರ. ಆದ್ದರಿಂದ ಗಾತ್ರವನ್ನು ಮೊದಲು ಗೊತ್ತುಮಾಡಿಕೊಂಡು, ಆ ಗಾತ್ರದಲ್ಲಿ ಸಿಗುವ ಬಣ್ಣಗಳ ಪೈಕಿ ಒಪ್ಪುವುದನ್ನು ಆಮೇಲೆ ಆರಿಸಿ ಎಂದು ನಾನು ಒತ್ತಾಯಪೂರ್ವಕವಾಗಿ ಹೇಳುತ್ತೇನೆ.

ಮೀನಿನ ಹಿಕ್ಕೆ ನೀರಿಗಿಂತ ಸ್ವಲ್ಪವೇ ಭಾರ. 5ರಿಂದ 20 ಮಿಲಿಮೀಟರ್ ಗಾತ್ರದ ಕಲ್ಲುಗಳ ನಡುವಿನ ಸಂದು ಅದಕ್ಕೆ ಧಾರಾಳವಾಗಿ ಸಾಕಾಗುವುದರಿಂದ ಅದು ನೇರವಾಗಿ ಕೆಳಗಿಳಿದು, ನೀರಿನ ಹರಿವು ತಲುಪದ ಜಾಗದಲ್ಲಿ ಕೂತು ಕೊಳೆಯುತ್ತದೆ. ಹಾಗೆ ಕೊಳೆತದ್ದೇ ಅಮೋನಿಯವಾಗಿ, ನೈಟ್ರೈಟ್ ಆಗಿ, ಕೊನೆಗೆ ನೈಟ್ರೇಟ್ ಆಗಿ ನೀರಿನಲ್ಲಿ ಉಳಿಯುತ್ತದೆ. ನಿಮ್ಮ ಈಗಿನ ತೊಟ್ಟಿಯಲ್ಲಿ ನಡೆಯುತ್ತಿರುವುದು ಇದೇ. ಅರ್ಧದಿಂದ ಒಂದು ಮಿಲಿಮೀಟರ್ ಗಾತ್ರದ ಮರಳಿನ ಕಣಗಳ ನಡುವೆ ಅಷ್ಟು ದೊಡ್ಡ ಸಂದು ಇರುವುದಿಲ್ಲವಾದ್ದರಿಂದ ಕಸವೆಲ್ಲ ಮೇಲ್ಮೈಯಲ್ಲೇ ಉಳಿಯುತ್ತದೆ. ಕಣ್ಣಿಗೆ ಕಾಣುತ್ತದೆ ಎಂಬ ಕಾರಣಕ್ಕೆ ಕೆಲವರು ಮರಳು ಕೊಳಕು ಎನ್ನುತ್ತಾರೆ. ಕಾಣುವ ಕಸವನ್ನು ತೆಗೆಯಬಹುದು, ಹರಿವಿಗೆ ಸಿಕ್ಕ ಕಸ ತಾನಾಗಿ ಫಿಲ್ಟರಿಗೂ ಹೋಗಬಹುದು. ಕಾಣದಂತೆ ಅಡಗಿದ್ದು ಮೀನುಗಳು ಉಸಿರಾಡುವ ನೀರಿನಲ್ಲೇ ಇರುತ್ತದೆ.

ಹಾಗೆಂದು ಮರಳು ತೀರಾ ನಯವಾಗಿರಲೂ ಬಾರದು. ಇದಕ್ಕೆ ಸೈಫನ್ನಿನ ಒಂದು ಸಣ್ಣ ಲೆಕ್ಕವಿದೆ. ಮನೆಬಳಕೆಯ ಸೈಫನ್ ನಿಮಿಷಕ್ಕೆ ಸುಮಾರು 10 ಲೀಟರ್ ಎಳೆಯುತ್ತದೆ ಎಂದಿಟ್ಟುಕೊಳ್ಳಿ. ಅದರ ತುದಿಯ ಅಗಲವಾದ ಕೊಳವೆ 5 ಸೆಂಟಿಮೀಟರ್ ವ್ಯಾಸದ್ದಾದರೆ, ಒಳಗೆ ನೀರು ಸೆಕೆಂಡಿಗೆ 8ರಿಂದ 9 ಸೆಂಟಿಮೀಟರ್ ವೇಗದಲ್ಲಿ ಮೇಲೇರುತ್ತದೆ. 0.8 ಮಿಲಿಮೀಟರ್ ಗಾತ್ರದ ಬೆಣಚುಕಲ್ಲಿನ ಕಣ ನೀರಿನಲ್ಲಿ ಸೆಕೆಂಡಿಗೆ ಸುಮಾರು 11 ಸೆಂಟಿಮೀಟರ್ ವೇಗದಲ್ಲಿ ಕೆಳಗೆ ಬೀಳುತ್ತದೆ. ಅಂದರೆ ಕೊಳವೆಯೊಳಗೆ ತುಸು ಎದ್ದು ಕುಣಿದು ಮತ್ತೆ ತಳಕ್ಕೇ ಮರಳುತ್ತದೆ, ಅದಕ್ಕಿಂತ ಹಗುರವಾದ ಹಿಕ್ಕೆ ಮಾತ್ರ ಹೊರಗೆ ಹೋಗುತ್ತದೆ. 0.2 ಮಿಲಿಮೀಟರಿನ ನಯವಾದ ಮರಳು ಬೀಳುವ ವೇಗ ಸೆಕೆಂಡಿಗೆ 3 ಸೆಂಟಿಮೀಟರನ್ನೂ ಮುಟ್ಟುವುದಿಲ್ಲವಾದ್ದರಿಂದ ಅದು ಕಸದ ಜೊತೆಗೇ ಬಕೆಟ್ಟಿಗೆ ಬಂದುಬಿಡುತ್ತದೆ. ಜೊತೆಗೆ ಅಂಥ ಮರಳು ಹರಿವಿಗೆ ಏಳುತ್ತದೆ, ಫಿಲ್ಟರಿನೊಳಗೆ ತಿರುಗಿ ನೀರು ತಳ್ಳುವ ಇಂಪೆಲ್ಲರ್‌ಗೆ ಹೋಗಿ ಅದನ್ನು ಸವೆಸುತ್ತದೆ. ಹಾಗಾಗಿ 0.5ರಿಂದ 1.2 ಮಿಲಿಮೀಟರ್ ಒಳಗಿನ, ಒಂದೇ ಸಮನಾಗಿ ಜರಡಿ ಹಿಡಿದ, ಅಂಚು ಸವೆದ ಮರಳನ್ನು ಕೇಳಿ ಪಡೆಯಿರಿ.

ಇದನ್ನು ಅಕ್ವೇರಿಯಂ ಅಂಗಡಿಯಿಂದಲೇ ತರಬೇಕೆಂದಿಲ್ಲ. ಈಜುಕೊಳಗಳ ಮತ್ತು ನೀರು ಶುದ್ಧೀಕರಣ ಘಟಕಗಳ ಫಿಲ್ಟರಿಗೆ ತುಂಬುವ ಸಿಲಿಕಾ ಮರಳು ಈ ಗಾತ್ರದಲ್ಲೇ ಚೀಲಗಳಲ್ಲಿ ಸಿಗುತ್ತದೆ. ಚೀಲದ ಮೇಲೆ 16/30 ಮೆಷ್ (ಜರಡಿಯ ಅಳತೆ) ಎಂದಿದ್ದರೆ ಕಣಗಳು ಸುಮಾರು 0.6ರಿಂದ 1.2 ಮಿಲಿಮೀಟರ್, 20/40 ಎಂದಿದ್ದರೆ ಸುಮಾರು 0.4ರಿಂದ 0.85 ಮಿಲಿಮೀಟರ್ ಇರುತ್ತವೆ. ನಿಮ್ಮ ತೊಟ್ಟಿಗೆ ಮೊದಲನೆಯದು ಒಳ್ಳೆಯದು. ಅದರ ಬಣ್ಣ ಸಾಮಾನ್ಯವಾಗಿ ತಿಳಿ ಹಳದಿಯಿಂದ ತಿಳಿಗಂದು. ಹೊಳೆಯ ಮರಳನ್ನು ಬಹಳ ಹೋಲುತ್ತದೆ.

ಎಂ ಸ್ಯಾಂಡ್ ಬೇಡ. ಅದು ಗ್ರಾನೈಟನ್ನು ಯಂತ್ರದಲ್ಲಿ ಪುಡಿಮಾಡಿ ತಯಾರಿಸಿದ್ದು. ಗಾರೆ ಗಟ್ಟಿಯಾಗಿ ಹಿಡಿಯಲು ಬೇಕಾಗುವ ಚೂಪು ಅಂಚುಗಳೂ ಹಿಟ್ಟಿನಂಥ ನಯಪುಡಿಯೂ ಅದರಲ್ಲಿ ಇದ್ದೇ ಇರುತ್ತವೆ. ಜೀಬ್ರಾ ಲೋಚ್ ಮೂತಿಯನ್ನು ಮರಳಿನೊಳಗೆ ತೂರಿಸಿ, ಬಾಯಿಯ ಸುತ್ತಲಿನ ಮೃದುವಾದ ಮೀಸೆಗಳಿಂದ ತಡವಿ ಆಹಾರ ಹುಡುಕುವ ಮೀನು. ಚೂಪಾದ ಕಣಗಳ ಮೇಲೆ ದಿನವಿಡೀ ಉಜ್ಜಿದ ಮೀಸೆಗಳಿಗೆ ಗಾಯವಾಗುತ್ತದೆ, ಗಾಯವಾದಲ್ಲಿ ಸೋಂಕು ಹತ್ತುತ್ತದೆ. ಸ್ಯಾಂಡ್‌ಬ್ಲಾಸ್ಟಿಂಗ್‌ಗೆಂದು ಅಗ್ಗಕ್ಕೆ ಮಾರುವ ಕಪ್ಪು ಸ್ಲ್ಯಾಗ್ (ಅದಿರು ಕರಗಿಸಿದಾಗ ಉಳಿಯುವ ಕಿಟ್ಟ) ಪುಡಿಯನ್ನೂ ಇದೇ ಕಾರಣಕ್ಕೆ ದೂರವಿಡಿ. ಅದರಲ್ಲಿ ತಾಮ್ರದಂಥ ಲೋಹಗಳು ಇರುವ ಸಂಭವವೂ ಇದೆ.

ಇನ್ನು ಪ್ರಮಾಣ. ನಿಮ್ಮ ತೊಟ್ಟಿಯ ತಳ ಸುಮಾರು 183 × 61 ಸೆಂಟಿಮೀಟರ್. ಒಣ ಮರಳು ಲೀಟರಿಗೆ ಸುಮಾರು ಒಂದೂವರೆ ಕಿಲೋ ತೂಗುವುದರಿಂದ ದಪ್ಪದ ಪ್ರತಿ ಸೆಂಟಿಮೀಟರಿಗೂ ಹೆಚ್ಚುಕಡಿಮೆ 17 ಕಿಲೋ ಬೇಕು. 3 ಸೆಂಟಿಮೀಟರ್ ಹಾಸಿದರೆ 50 ಕಿಲೋ ಆಗುತ್ತದೆ, ಅಷ್ಟು ಸಾಕು. ಮುಂದೆ 2, ಹಿಂದೆ 4 ಸೆಂಟಿಮೀಟರ್ ಬರುವಂತೆ ಇಳಿಜಾರು ಮಾಡಿದರೆ ನೋಡಲು ಆಳವೂ ಬರುತ್ತದೆ, ಕಸ ಮುಂಭಾಗಕ್ಕೆ ಜಾರಿ ಎತ್ತಲು ಸುಲಭವೂ ಆಗುತ್ತದೆ. ತುಂಬಿದ ತೊಟ್ಟಿ 680 ಲೀಟರ್ ಹಿಡಿಯುವುದರಿಂದ, ನೆಲ ಅಂತಸ್ತಿನಲ್ಲಿ ಇಡುತ್ತಿರುವುದು ಒಳ್ಳೆಯ ನಿರ್ಧಾರ. ಮೇಲಿನ ಅಂತಸ್ತಾಗಿದ್ದರೆ ಮರಳಿನ ಮಾತಿಗಿಂತ ಮೊದಲು ಎಂಜಿನಿಯರ್ ಒಬ್ಬರನ್ನು ಕೇಳಿ ಎನ್ನುತ್ತಿದ್ದೆ.

ಅಕ್ವಾ ಸಾಯಿಲ್ ಬೇರು ಬಿಡುವ ಗಿಡಗಳ ತೋಟಕ್ಕೆ ತುಂಬ ಒಳ್ಳೆಯದು, ನಿಮ್ಮ ತೊಟ್ಟಿಗೆ ಸಲ್ಲದು. ಅದು ಸುಟ್ಟ ಮಣ್ಣಿನ ಗುಳಿಗೆ; ಮೊದಲ ವಾರಗಳಲ್ಲಿ ಅನೇಕ ಬಗೆಯ ಸಾಯಿಲ್‌ಗಳು ಅಮೋನಿಯ ಬಿಡುತ್ತವೆ, ಕಾಲಕ್ರಮದಲ್ಲಿ ಪುಡಿಯಾಗುತ್ತವೆ, ಲೋಚ್‌ಗಳು ಕೆದಕುತ್ತ ಹೋದಂತೆ ಆ ಪುಡಿ ನೀರಿಗೆ ಏಳುತ್ತದೆ. ಸೈಫನ್ನನ್ನು ಅದರೊಳಗೆ ಇಳಿಸುವಂತೆಯೂ ಇಲ್ಲ.

ಉತ್ತರ: ತಿಳಿನೀರು

ಸ್ವಚ್ಛತೆಯೊಂದೇ ಅಳತೆಗೋಲಾಗಿದ್ದರೆ ಏನನ್ನೂ ಹಾಸದ ಬರಿಗಾಜಿಗೆ ಸಾಟಿಯಿಲ್ಲ ಎಂಬುದನ್ನು ಈ ಚರ್ಚೆಯಲ್ಲಿ ಯಾರಾದರೂ ಹೇಳಬೇಕು. ಆಸ್ಕರ್, ದೊಡ್ಡ ಗೋಲ್ಡ್‌ಫಿಷ್‌ಗಳಂಥ ಬಹಳ ತಿಂದು ಬಹಳ ಹೊರಹಾಕುವ ಮೀನುಗಳಿಗೆ ನಾನು ಇಂದಿಗೂ ಅದನ್ನೇ ಸೂಚಿಸುತ್ತೇನೆ. ಗೋಲ್ಡ್‌ಫಿಷ್ ತಳದ ಕಲ್ಲನ್ನು ಬಾಯಿಗೆ ಹಾಕಿಕೊಂಡು ಉಗುಳುವ ಅಭ್ಯಾಸದ ಮೀನಾದ್ದರಿಂದ, ಬಾಯಿಯ ಅಳತೆಗೆ ಸರಿಯಾಗಿ ಕೂರುವ ಜಲ್ಲಿ ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯವೂ ಅಲ್ಲಿ ತಪ್ಪುತ್ತದೆ. ಆದರೆ ಲೋಚ್‌ಗಳನ್ನು ಬರಿಗಾಜಿನ ಮೇಲೆ ಇಡುವುದನ್ನು ನಾನು ಒಪ್ಪುವುದಿಲ್ಲ. ಕೆದಕುವುದು ಅವುಗಳ ಬದುಕಿನ ಮುಖ್ಯ ಕೆಲಸ. ಅದನ್ನು ಕಸಿದುಕೊಂಡು ನಮ್ಮ ಅನುಕೂಲವನ್ನಷ್ಟೇ ನೋಡುವುದು ಸರಿಯಲ್ಲ. ನಿಮ್ಮ ಮೀನುಗಳಿಗೆ ಮರಳೇ ಆಗಬೇಕು.

ಬಣ್ಣದ ಬಗ್ಗೆ ನನಗೆ ದೃಢವಾದ ಅಭಿಪ್ರಾಯವಿದೆ. ಅಚ್ಚಬಿಳಿ ಮರಳು ಅಂಗಡಿಯ ದೀಪದಲ್ಲಿ ಸೊಗಸಾಗಿ ಕಂಡರೂ ಮನೆಯಲ್ಲಿ ಮೂರು ತೊಂದರೆಗಳನ್ನು ತರುತ್ತದೆ. ಮೇಲಿನಿಂದ ಬಿದ್ದ ಬೆಳಕು ತಳದಿಂದಲೂ ಹಿಂದಿರುಗಿ ಮೀನುಗಳನ್ನು ಅಂಜಿಸುತ್ತದೆ. ಅನೇಕ ಮೀನುಗಳು ತಳದ ಬಣ್ಣಕ್ಕೆ ಹೊಂದಿಕೊಳ್ಳಲು ತಮ್ಮ ಮೈಬಣ್ಣವನ್ನು ತಿಳಿಯಾಗಿಸಿಕೊಳ್ಳುವುದರಿಂದ ಡೆನಿಸನ್ ಬಾರ್ಬ್‌ನ ಕೆಂಪು ಗೆರೆಯ ಗಾಢತೆ ಕುಂದುತ್ತದೆ. ಮತ್ತು ಒಂದೊಂದು ಹಿಕ್ಕೆಯೂ, ಹೊಸ ತೊಟ್ಟಿಯಲ್ಲಿ ಸಹಜವಾಗಿ ಬರುವ ಕಂದು ಪಾಚಿಯ ಒಂದೊಂದು ಚುಕ್ಕೆಯೂ ಎದ್ದು ಕಾಣುತ್ತದೆ. ಅಚ್ಚಗಪ್ಪು ಮರಳಿನ ಮೇಲೆ ಮೀನಿನ ಬಣ್ಣ ಅದ್ಭುತವಾಗಿ ಮೂಡುತ್ತದೆ ನಿಜ, ಆದರೆ ತಿಳಿಬಣ್ಣದ ಹಿಕ್ಕೆ, ಉದುರಿದ ಎಲೆಯ ಚೂರು, ಆಹಾರದ ಪುಡಿ ಎಲ್ಲವೂ ಅದರ ಮೇಲೆ ಕಾಣುತ್ತವೆ. ಕಂದು, ಬೂದು, ಹಳದಿ, ಒಂದಿಷ್ಟು ಕಪ್ಪು ಕಣಗಳು ಬೆರೆತ ನೈಸರ್ಗಿಕ ಮಿಶ್ರವರ್ಣದ ಮರಳೊಂದೇ ಎರಡು ಸ್ವಚ್ಛತೆಗಳ ನಡುವಿನ ದಿನಗಳಲ್ಲೂ ಅಂದವಾಗಿ ಕಾಣುವುದು.

ಕಪ್ಪು ಮರಳನ್ನೇ ಆರಿಸುವುದಾದರೆ ಮೊದಲು ಆಯಸ್ಕಾಂತ ಹಿಡಿದು ನೋಡಿ. ಕೆಲವು ಕಪ್ಪು ಮರಳುಗಳಲ್ಲಿ ಕಬ್ಬಿಣದ ಖನಿಜ ಇರುತ್ತದೆ. ಅದು ಪಂಪಿನ ಇಂಪೆಲ್ಲರಿಗೂ, ಗಾಜು ಉಜ್ಜುವ ಆಯಸ್ಕಾಂತದ ಬ್ರಷ್ಷಿಗೂ ಅಂಟಿಕೊಂಡು ಗಾಜಿನ ಮೇಲೆ ಅಳಿಸಲಾಗದ ಗೀರುಗಳನ್ನು ಮಾಡುತ್ತದೆ. ಮರಳು ಯಾವುದೇ ಇರಲಿ, ಆ ಬ್ರಷ್ಷನ್ನು ತಳದಿಂದ ನಾಲ್ಕು ಬೆರಳು ಮೇಲೆಯೇ ನಿಲ್ಲಿಸುವುದು ಕ್ಷೇಮ.

ಬಿಳಿ ಅಮೃತಶಿಲೆಯ ಚೂರುಗಳನ್ನು ಹೊಸ ತೊಟ್ಟಿಗೆ ದಯವಿಟ್ಟು ತರಬೇಡಿ. ಅಮೃತಶಿಲೆ ಕ್ಯಾಲ್ಸಿಯಂ ಕಾರ್ಬೊನೇಟ್. ನಿಧಾನವಾಗಿ ಕರಗುತ್ತ ನೀರಿನ ಗಡಸುತನವನ್ನೂ ಪಿಎಚ್ ಅನ್ನೂ ಏರಿಸುತ್ತಿರುತ್ತದೆ. ನಿಮ್ಮಲ್ಲಿ ಬೇಸಿಗೆಯಲ್ಲಿ ಕೊಳವೆಬಾವಿಯ ಗಡಸು ನೀರು ಬೇರೆ ಸೇರುತ್ತದೆ, ಅದರ ಮೇಲೆ ಇದೊಂದು ಹೊರೆ ಬೇಡ. ತಳಕ್ಕೆ ಚಪ್ಪಡಿ ಹಾಸಿ ಮೇಲೆ ತೆಳುವಾಗಿ ಮರಳು ಉದುರಿಸುವ ಪದ್ಧತಿಯೂ ಇದೆ. ಆಗಲೂ ಇದೇ ಎಚ್ಚರ ಬೇಕು: ನಮ್ಮ ಅಡುಗೆಮನೆಗಳ ಕಡಪ ಕಲ್ಲು, ಅಂಗಳಗಳ ಶಹಾಬಾದ್ ಕಲ್ಲು ಎರಡೂ ಸುಣ್ಣಕಲ್ಲಿನ ಜಾತಿಯವು. ಗ್ರಾನೈಟ್ ಆದರೆ ಅಡ್ಡಿಯಿಲ್ಲ.

ಸಂಶಯವಿದ್ದ ಮರಳನ್ನೋ ಕಲ್ಲನ್ನೋ ಪರೀಕ್ಷಿಸಲು ಅದರ ಒಂದು ಹಿಡಿಯ ಮೇಲೆ ವಿನೆಗರ್ ಸುರಿಯಿರಿ. ಗುಳ್ಳೆ ಎದ್ದರೆ ಸುಣ್ಣದ ಅಂಶವಿದೆ ಎಂದರ್ಥ. ವಿನೆಗರ್ ದುರ್ಬಲ ಆಮ್ಲವಾದ್ದರಿಂದ ಡಾಲಮೈಟಿನಂಥ ಕಲ್ಲು ಅದಕ್ಕೆ ಸುಲಭವಾಗಿ ಪ್ರತಿಕ್ರಿಯಿಸುವುದಿಲ್ಲ. ಹೆಚ್ಚು ನಂಬಬಹುದಾದ ವಿಧಾನ ಬೇರೆ: ಎರಡು ಗಾಜಿನ ಭರಣಿಗಳಲ್ಲಿ ಒಂದೇ ನೀರು ತುಂಬಿ, ಒಂದಕ್ಕೆ ಮಾತ್ರ ತೊಳೆದ ಮರಳು ಹಾಕಿ, ಒಂದು ವಾರದ ನಂತರ ಎರಡರ ಗಡಸುತನವನ್ನೂ ಪಿಎಚ್ ಅನ್ನೂ ಹೋಲಿಸಿ ನೋಡುವುದು.

ಉತ್ತರ: ಸಹ್ಯಾದ್ರಿ ತೊರೆ

ಮೇಲಿನ ಇಬ್ಬರೂ ಮರಳಿನ ಬಗ್ಗೆ ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಆರು ಅಡಿಯುದ್ದಕ್ಕೂ ಸಮತಟ್ಟಾದ ಮರಳನ್ನಷ್ಟೇ ಹಾಸಿದರೆ ಅದು ತೊರೆಯಂತೆ ಕಾಣುವುದಿಲ್ಲ. ನೀವು ಕೇಳಿದ ಅಂದಕ್ಕೆ ಸಂಬಂಧಿಸಿ ಕೆಲವು ಮಾತುಗಳನ್ನು ಸೇರಿಸುತ್ತೇನೆ.

ಘಟ್ಟದ ತೊರೆಗಳಲ್ಲಿ ಬೇಸಿಗೆಯ ತಿಳಿನೀರಿನಲ್ಲಿ ತಳವನ್ನು ಗಮನಿಸಿದರೆ ಒಂದು ಕ್ರಮ ಕಾಣುತ್ತದೆ. ನೀರು ಸೆಳೆಯುವ ಜಾಗದಲ್ಲಿ ದೊಡ್ಡ ಬಂಡೆಗಳೂ ತಲೆಗಾತ್ರದ ಗುಂಡುಕಲ್ಲುಗಳೂ ಇರುತ್ತವೆ. ಆ ಬಂಡೆಗಳ ಮರೆಯಲ್ಲಿ, ಸೆಳೆತ ತಗ್ಗಿದ ಕಡೆ ಮರಳು ನಿಂತಿರುತ್ತದೆ. ಇನ್ನೂ ನಿಶ್ಚಲವಾದ ಅಂಚಿನಲ್ಲಿ ಎಲೆಗಳು ಕೂಡಿಕೊಂಡಿರುತ್ತವೆ. ನೀರೇ ಅವುಗಳನ್ನು ಗಾತ್ರಕ್ಕೆ ತಕ್ಕಂತೆ ವಿಂಗಡಿಸಿ ಇಟ್ಟಿರುತ್ತದೆ. ಅಕ್ವೇರಿಯಂನಲ್ಲಿ ನಾವು ಹಲವು ಗಾತ್ರದ ಕಲ್ಲುಗಳನ್ನು ಎಲ್ಲ ಕಡೆಗೂ ಒಂದೇ ಸಮ ಚೆಲ್ಲಿದಾಗ ಕೃತಕವಾಗಿ ಕಾಣುವುದು ಈ ವಿಂಗಡಣೆ ಇಲ್ಲದಿರುವುದರಿಂದಲೇ.

ಆದ್ದರಿಂದ ಮರಳು ಮತ್ತು ದೊಡ್ಡ ಕಲ್ಲು ಎರಡನ್ನೇ ಇಟ್ಟುಕೊಂಡು, ನಡುವಿನ ಗಾತ್ರವನ್ನು ಬಹುತೇಕ ಬಿಟ್ಟುಬಿಡಿ. 12ರಿಂದ 25 ಸೆಂಟಿಮೀಟರ್ ಗಾತ್ರದ, ನೀರು ಸವೆಸಿದಂತೆ ದುಂಡಾದ ಏಳೆಂಟು ಗ್ರಾನೈಟ್ ಅಥವಾ ನೈಸ್ (gneiss, ಪಟ್ಟೆಗಳಿರುವ ಗಟ್ಟಿ ಶಿಲೆ) ಕಲ್ಲುಗಳನ್ನು ಒಂದು ಬದಿಗೆ ದೊಡ್ಡ ಗುಂಪಾಗಿ, ಇನ್ನೊಂದು ಬದಿಗೆ ಎರಡು ಮೂರನ್ನು ಮಾತ್ರ ಚಿಕ್ಕ ಗುಂಪಾಗಿ ಕೂರಿಸಿ, ಮುಂಭಾಗದ ಉದ್ದಕ್ಕೂ ತೆರೆದ ಮರಳನ್ನು ಬಿಡಿ. ಕೈಹಿಡಿ ಗಾತ್ರದ ಬೆಣಚುಕಲ್ಲುಗಳನ್ನು ದೊಡ್ಡ ಕಲ್ಲುಗಳ ಬುಡದಲ್ಲಿ ಎರಡೋ ಮೂರೋ ಇಟ್ಟರೆ ಸಾಕು. ಜಲ್ಲಿಯನ್ನು ಮರಳಿನ ಜೊತೆ ಬೆರೆಸುವ ಯೋಚನೆ ಇದ್ದರೆ ಕೈಬಿಡಿ: ಮೊರದಲ್ಲಿ ಕಾಳನ್ನು ಕುಲುಕಿದಾಗ ದಪ್ಪ ಕಾಳು ಮೇಲೆ ಬಂದು ನುಚ್ಚು ಕೆಳಗಿಳಿಯುವಂತೆ, ಲೋಚ್‌ಗಳ ಕೆದಕಾಟದಲ್ಲಿ ಜಲ್ಲಿಯೆಲ್ಲ ಮೇಲಕ್ಕೆ ಬಂದು ಕೂರುತ್ತದೆ, ನೀವು ತಪ್ಪಿಸಿಕೊಳ್ಳಲು ಬಯಸಿದ ಸಂದುಗಳು ಮತ್ತೆ ಹುಟ್ಟಿಕೊಳ್ಳುತ್ತವೆ.

ಕಲ್ಲುಗಳನ್ನು ಮರಳು ಹಾಕುವ ಮೊದಲೇ ಕೂರಿಸಬೇಕು. ಮರಳಿನ ಮೇಲೆ ಇಟ್ಟ ಭಾರವಾದ ಕಲ್ಲಿನ ಬುಡವನ್ನು ಲೋಚ್‌ಗಳು ತೋಡಿದರೆ ಕಲ್ಲು ವಾಲಿ ಗಾಜಿಗೆ ಬಡಿಯಬಹುದು, ಮೀನನ್ನೂ ಅದುಮಬಹುದು. ತಳದ ಗಾಜಿನ ಮೇಲೆ ತೆಳುವಾದ ಪ್ಲಾಸ್ಟಿಕ್ ಹಾಳೆಯನ್ನು ಕಲ್ಲಿನ ಅಳತೆಗೆ ಕತ್ತರಿಸಿ ಹಾಸಿ, ಅದರ ಮೇಲೆ ಕಲ್ಲನ್ನು ಅಲುಗಾಡದಂತೆ ನಿಲ್ಲಿಸಿ, ಆಮೇಲೆ ಸುತ್ತಲೂ ಮರಳು ಸುರಿಯಿರಿ. ಆಗ ಕಲ್ಲು ಮರಳಿನೊಳಗಿಂದ ಎದ್ದುಬಂದಂತೆಯೂ ಕಾಣುತ್ತದೆ. ಕಲ್ಲುಗಳ ನಡುವೆ ಕೈ ತೂರುವಷ್ಟಾದರೂ ಜಾಗ ಇರಲಿ. ಸೈಫನ್ನಿನ ಕೊಳವೆ ಹೋಗಲಾರದ ಮೂಲೆಯೇ ಕಸ ಸೇರುವ ಮೂಲೆ.

ಗಿಡಗಳ ವಿಷಯದಲ್ಲಿ ಮರಳು ಬಡವಾದದ್ದು, ಅದರಲ್ಲಿ ಪೋಷಕಾಂಶವಿಲ್ಲ. ಆದರೂ ತೊರೆಯ ನೋಟಕ್ಕೆ ಬೇಕಾಗುವ ಗಿಡಗಳು ಕಡಿಮೆ. ಘಟ್ಟದ ಹೊಳೆಗಳಲ್ಲೇ ಬೆಳೆಯುವ ಕ್ರಿಪ್ಟೊಕೊರೈನ್ ರೆಟ್ರೊಸ್ಪೈರಾಲಿಸ್‌ನಂಥ ಗಿಡಗಳನ್ನು ಮಣ್ಣಿನ ಚಿಕ್ಕ ಕುಂಡಗಳಲ್ಲಿ ನೆಟ್ಟು, ಕುಂಡವನ್ನು ಕಲ್ಲುಗಳ ಹಿಂದೆ ಮರೆಮಾಡಿ, ಬೇರಿನ ಬುಡಕ್ಕೆ ಗೊಬ್ಬರದ ಗುಳಿಗೆ ಇಟ್ಟರೆ ತೊಟ್ಟಿಯ ಉಳಿದ ಮರಳು ಬರಿದಾಗಿ, ಸ್ವಚ್ಛವಾಗಿ ಉಳಿಯುತ್ತದೆ. ಜಾವಾ ಫರ್ನ್, ಅನೂಬಿಯಾಸ್‌ಗಳು ನಮ್ಮ ಘಟ್ಟದವಲ್ಲದಿದ್ದರೂ ಮರದ ತುಂಡಿಗೆ ಕಟ್ಟಿದರೆ ಬೆಳೆಯುತ್ತವೆ, ತಳಹಾಸಿನ ಹಂಗೇ ಅವುಗಳಿಗಿಲ್ಲ. ಒಣಗಿದ ಬಾದಾಮಿ ಎಲೆಗಳನ್ನು ಹಾಕುವ ಆಸೆಯಿದ್ದರೆ ಒಂದೇ ಮೂಲೆಗೆ ನಾಲ್ಕೈದು ಎಲೆ ಸಾಕು; ಅವು ಮೆತ್ತಗಾಗಿ ಹರಿಯತೊಡಗಿದಾಗ ಎತ್ತಿ ಹೊಸತನ್ನು ಹಾಕಿ.

ಮರಳನ್ನೂ ಕಲ್ಲನ್ನೂ ಹೊಳೆಯಿಂದಲೇ ತರೋಣ ಎಂದು ಅನೇಕರಿಗೆ ಅನಿಸುತ್ತದೆ. ದಯವಿಟ್ಟು ಆ ದಾರಿ ಬೇಡ. ಕರ್ನಾಟಕದಲ್ಲಿ ಮರಳು ಉಪಖನಿಜ. 1994ರ ರಾಜ್ಯ ಉಪಖನಿಜ ರಿಯಾಯಿತಿ ನಿಯಮಗಳ ಪ್ರಕಾರ ಅದನ್ನು ತೆಗೆಯಲು ಅನುಮತಿ ಬೇಕು. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳ ಒಳಗಿನಿಂದ ಕಲ್ಲನ್ನು ತರುವುದಂತೂ ಕಾನೂನಿಗೆ ನೇರವಾಗಿ ವಿರುದ್ಧ. ನಾವು ಸಾಕಲು ಬಯಸುವ ಲೋಚ್‌ಗಳು ಅಡಗುವುದೂ ಆ ಕಲ್ಲುಗಳ ಕೆಳಗೆಯೇ, ಅವುಗಳ ಆಹಾರವಾದ ಹುಳುಗಳು ಬೆಳೆಯುವುದೂ ಅಲ್ಲಿಯೇ. ತೋಟಗಾರಿಕೆಯ ಅಲಂಕಾರಕ್ಕೆ ಮಾರುವ ದುಂಡುಕಲ್ಲುಗಳಲ್ಲಿ ಬಣ್ಣ ಮತ್ತು ಮೆರುಗೆಣ್ಣೆ ಹಚ್ಚದವನ್ನು ಆರಿಸಿಕೊಂಡರೆ ಕೆಲಸ ಸಾಗುತ್ತದೆ. ಇದೇ ನೆಪದಲ್ಲಿ ಇನ್ನೊಂದು ಮಾತು: ಡೆನಿಸನ್ ಬಾರ್ಬ್ ಮತ್ತು ಜೀಬ್ರಾ ಲೋಚ್ ಎರಡೂ ಅಂತರರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟದ (ಐಯುಸಿಎನ್) ಪಟ್ಟಿಯಲ್ಲಿ ಅಳಿವಿನಂಚಿನ ಪ್ರಭೇದಗಳೆಂದು ದಾಖಲಾಗಿವೆ. ಹೊಳೆಯಿಂದ ಹಿಡಿದು ತಂದವನ್ನು ಕೊಳ್ಳದೆ, ಸಾಕಣೆಯಲ್ಲೇ ಹುಟ್ಟಿದ ಮರಿಗಳನ್ನು ಕೇಳಿ ಪಡೆಯಿರಿ, ತಡವಾದರೂ ಕಾಯಿರಿ.

ಮರುಪ್ರಶ್ನೆ: ಹೊಳೆಬದಿ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. 16/30 ಮೆಷ್‌ನ ತಿಳಿಗಂದು ಮರಳು, ಮೇಲೆ ಗ್ರಾನೈಟ್ ಗುಂಡುಕಲ್ಲುಗಳು ಎಂದು ಮನೆಯಲ್ಲಿ ತೀರ್ಮಾನಿಸಿದ್ದೇವೆ.

ಎರಡು ಆತಂಕಗಳು ಉಳಿದಿವೆ. ಮರಳಿನಡಿಯಲ್ಲಿ ಕೊಳೆತ ಮೊಟ್ಟೆಯ ವಾಸನೆಯ ವಿಷಾನಿಲ ಕಟ್ಟಿಕೊಂಡು ಮೀನುಗಳು ಒಮ್ಮೆಲೇ ಸಾಯುತ್ತವೆ ಎಂದು ಹಲವರು ಹೇಳುತ್ತಾರೆ; ಅದು ಎಷ್ಟು ನಿಜ? ಮತ್ತು ಹಳೆಯ ತೊಟ್ಟಿಯ ಕಲ್ಲುಗಳಲ್ಲಿ ಬೆಳೆದಿರುವ, ಅಮೋನಿಯವನ್ನು ನೈಟ್ರೇಟ್ ಆಗಿಸುವ ಒಳ್ಳೆಯ ಬ್ಯಾಕ್ಟೀರಿಯಾಗಳನ್ನು ಕಳೆದುಕೊಳ್ಳದೆ, ಅಲ್ಲಿರುವ ಫಿಲಮೆಂಟ್ ಬಾರ್ಬ್‌ಗಳನ್ನು ಹೊಸ ಮರಳಿನ ತೊಟ್ಟಿಗೆ ಸಾಗಿಸುವ ಕ್ರಮ ಹೇಗೆ? ಮರಳನ್ನು ತೊಳೆಯುವ, ನೀರು ತುಂಬುವ ರೀತಿಯನ್ನೂ ತಿಳಿಸಿದರೆ ಒಳ್ಳೆಯದು. ಹೊಸ ಮರಳು ಹಾಕಿದ ತೊಟ್ಟಿ ದಿನಗಟ್ಟಲೆ ಹಾಲಿನಂತೆ ಇರುತ್ತದೆಂದು ಕೇಳಿದ್ದೇನೆ.

ಉತ್ತರ: ಮರಳುಗಣ್ಣು

ಆ ಅನಿಲ ಹೈಡ್ರೋಜನ್ ಸಲ್ಫೈಡ್. ಆಮ್ಲಜನಕ ತಲುಪದ ಪದರದಲ್ಲಿ ಕೊಳೆಯುವ ವಸ್ತು ಸಿಕ್ಕಿಕೊಂಡಾಗ, ನೀರಿನಲ್ಲಿರುವ ಸಲ್ಫೇಟನ್ನು ಬಳಸಿ ಬದುಕುವ ಬ್ಯಾಕ್ಟೀರಿಯಾಗಳು ಅದನ್ನು ಉಂಟುಮಾಡುತ್ತವೆ. ಅದು ಮೀನಿಗೆ ವಿಷ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಅದು ಹುಟ್ಟಬೇಕಾದರೆ ಆಳವಾದ ಅಥವಾ ಬಹಳ ನಯವಾಗಿ ಗಟ್ಟಿಕಟ್ಟಿದ ಪದರ ಬೇಕು, ಅದರೊಳಗೆ ಕಸವೂ ಬೇಕು. 3 ಸೆಂಟಿಮೀಟರ್ ದಪ್ಪದ, ಹಿಕ್ಕೆ ಒಳಗಿಳಿಯದ, ಲೋಚ್‌ಗಳು ದಿನವೂ ಕೆದಕುವ ಮರಳಿನಲ್ಲಿ ಅದಕ್ಕೆ ಆಸ್ಪದ ತೀರಾ ಕಡಿಮೆ. ಅಲ್ಲೊಂದು ಇಲ್ಲೊಂದು ಗುಳ್ಳೆ ಎದ್ದರೂ ಆಮ್ಲಜನಕವಿರುವ ನೀರಿಗೆ ಬಂದ ಸಲ್ಫೈಡ್ ಬೇಗನೆ ಉತ್ಕರ್ಷಣಗೊಳ್ಳುತ್ತದೆ. ನಿಗಾ ಇಡಬೇಕಾದದ್ದು ಕಲ್ಲುಗಳ ಬುಡದಲ್ಲಿ, ಕುಂಡಗಳ ಹಿಂದೆ, ಮೀನು ಕೆದಕದ ಮೂಲೆಗಳಲ್ಲಿ. ವಾರದ ಸ್ವಚ್ಛತೆಯ ವೇಳೆ ಅಲ್ಲಿ ಮಾತ್ರ ಬೆರಳಿನಿಂದ ಮರಳನ್ನು ಮೆಲ್ಲಗೆ ತಿರುವಿ. ಗಾಜಿನ ಬದಿಯಿಂದ ನೋಡಿದಾಗ ಮರಳಿನೊಳಗೆ ಕಪ್ಪು ಮಚ್ಚೆ ಕಂಡರೆ ಆ ಜಾಗವನ್ನು ಹೆಚ್ಚು ಗಮನಿಸಿ. ಮರಳನ್ನು ಸಡಿಲಿಸಲು ಟ್ರಂಪೆಟ್ ಬಸವನಹುಳುಗಳನ್ನು ಬಿಡಿ ಎಂಬ ಸಲಹೆ ನಿಮಗೆ ಸಿಗಬಹುದು; ಜೀಬ್ರಾ ಲೋಚ್‌ಗಳು ಬಸವನಹುಳುಗಳನ್ನು ಇಷ್ಟಪಟ್ಟು ತಿನ್ನುವುದರಿಂದ ಅದು ನಿಮ್ಮಲ್ಲಿ ನಡೆಯುವುದಿಲ್ಲ.

ಮರಳನ್ನು ತೊಳೆಯುವ ಕೆಲಸಕ್ಕೆ ಒಂದು ಬೆಳಗನ್ನು ಪೂರ್ತಿ ಮೀಸಲಿಡಿ. ಬಕೆಟ್ಟಿನಲ್ಲಿ ಮೂರು ನಾಲ್ಕು ಕಿಲೋ ಮಾತ್ರ ಹಾಕಿ, ಪೈಪಿನ ತುದಿಯನ್ನು ಮರಳಿನ ಬುಡಕ್ಕೆ ಚುಚ್ಚಿ ನೀರು ಬಿಡುತ್ತ, ಕೈಯಿಂದ ಕಲಕುತ್ತ, ಮೇಲೆ ಹರಿದುಹೋಗುವ ನೀರು ತಿಳಿಯಾಗುವವರೆಗೆ ತೊಳೆಯಬೇಕು. ಒಮ್ಮೆಗೇ ಅರ್ಧ ಚೀಲ ಸುರಿದರೆ ಕೆಳಗಿನ ಮರಳಿನ ಪುಡಿ ಹಾಗೆಯೇ ಉಳಿದುಬಿಡುತ್ತದೆ, ತಿಂಗಳುಗಟ್ಟಲೆ ಕಾಡುವುದು ಅದೇ. ಚೀಲವನ್ನು ಬಿಚ್ಚುವಾಗ ಏಳುವ ಸಿಲಿಕಾ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು. ಬಯಲಿನಲ್ಲಿ, ಮಾಸ್ಕ್ ಧರಿಸಿ, ಮೊದಲೇ ನೀರು ಚಿಮುಕಿಸಿ ಬಿಚ್ಚಿ, ಮಕ್ಕಳನ್ನು ಆಚೆ ಕಳುಹಿಸಿ. ತೊಳೆದ ಮರಳನ್ನು ಹಾಸಿದ ಮೇಲೆ ದಪ್ಪ ಪ್ಲಾಸ್ಟಿಕ್ ಹಾಳೆಯನ್ನು ಅದರ ಮೇಲೆ ಹೊದಿಸಿ, ಒಂದು ತಟ್ಟೆಯಿಟ್ಟು, ತಟ್ಟೆಯ ಮೇಲೆ ನೀರು ನಿಧಾನವಾಗಿ ಬೀಳುವಂತೆ ತುಂಬಿ. ಹೀಗೆ ಮಾಡಿದರೆ ತೊಟ್ಟಿ ತುಂಬುವ ಹೊತ್ತಿಗೇ ಆಚೆ ಬದಿಯ ಗೋಡೆ ಕಾಣುವಷ್ಟು ತಿಳಿ ಇರುತ್ತದೆ. ಎದ್ದ ಮರಳು ಪೂರ್ತಿ ಕೂತ ಮೇಲೆಯೇ ಫಿಲ್ಟರುಗಳನ್ನು ಚಾಲೂ ಮಾಡಿ.

ಬ್ಯಾಕ್ಟೀರಿಯಾಗಳ ಬಗ್ಗೆ ಹೇಳುವುದಾದರೆ, ಹಳೆಯ ಕಲ್ಲುಗಳಲ್ಲಿ ಅವು ಇರುವುದು ನಿಜವಾದರೂ ನೀರು ಸತತವಾಗಿ ಹಾದುಹೋಗುವ ಫಿಲ್ಟರಿನ ಸ್ಪಂಜು ಮತ್ತು ಸೆರಾಮಿಕ್ ಉಂಗುರಗಳಲ್ಲಿ ಹೆಚ್ಚು ಇರುತ್ತವೆ. ಸ್ಥಳಾಂತರದ ದಿನ ಆ ಸ್ಪಂಜನ್ನೂ ಉಂಗುರಗಳನ್ನೂ ತೊಳೆಯದೆ, ಒಣಗಲು ಬಿಡದೆ, ಹಳೆಯ ತೊಟ್ಟಿಯ ನೀರಿನಲ್ಲೇ ಮುಳುಗಿಸಿಟ್ಟು ಹೊಸ ಕೆನಿಸ್ಟರಿನೊಳಗೆ ಸೇರಿಸಿ. ನಲ್ಲಿಯ ನೀರಿನ ಕ್ಲೋರಿನ್ ಈ ಬ್ಯಾಕ್ಟೀರಿಯಾಗಳನ್ನು ಕೊಲ್ಲುತ್ತದೆ. ಆದ್ದರಿಂದ ಹೊಸ ತೊಟ್ಟಿಯ ನೀರಿಗೆ ಕ್ಲೋರಿನ್ ನಿವಾರಕವನ್ನು ಅಳತೆಗೆ ತಕ್ಕಂತೆ ಹಾಕಿದ ನಂತರವೇ ಫಿಲ್ಟರನ್ನು ಜೋಡಿಸಿ. ಮುಂದೆಯೂ ಸ್ಪಂಜನ್ನು ಹಿಂಡಿ ತೊಳೆಯುವುದು ತೊಟ್ಟಿಯಿಂದ ತೆಗೆದ ನೀರಿನಲ್ಲೇ ಇರಲಿ. ಫಿಲಮೆಂಟ್ ಬಾರ್ಬ್‌ಗಳನ್ನು ಮೊದಲು ಬಿಟ್ಟು, ಒಂದೆರಡು ವಾರ ಆಹಾರವನ್ನು ಅರ್ಧಕ್ಕೆ ಇಳಿಸಿ, ಅಮೋನಿಯ ಮತ್ತು ನೈಟ್ರೈಟ್ ಎರಡೂ ಪರೀಕ್ಷೆಯಲ್ಲಿ ಸೊನ್ನೆ ಎಂದು ನಿಂತ ಮೇಲೆಯೇ ಡೆನಿಸನ್ ಬಾರ್ಬ್‌ಗಳನ್ನು ಸೇರಿಸಿ. ಲೋಚ್‌ಗಳನ್ನು ಎಲ್ಲಕ್ಕಿಂತ ಕೊನೆಗೆ ತನ್ನಿ. ಮೈಮೇಲೆ ಬಹಳ ಚಿಕ್ಕ ಹುರುಪೆಗಳಷ್ಟೇ ಇರುವ ಆ ಮೀನುಗಳು ಹೊಸ ನೀರಿನ ಏರುಪೇರನ್ನು ಕಡಿಮೆ ಸಹಿಸುತ್ತವೆ.

ಕೊನೆಯದಾಗಿ, ನಿಮ್ಮ ಮುಕ್ಕಾಲು ಗಂಟೆಯ ಲೆಕ್ಕಕ್ಕೆ ನಿಜವಾಗಿ ನೆರವಾಗುವುದು ನೀರಿನ ಹರಿವು. ಎರಡೂ ಫಿಲ್ಟರುಗಳ ನೀರು ಬೀಳುವ ಕೊಳವೆಗಳನ್ನು ಒಂದೇ ತುದಿಯಲ್ಲಿಟ್ಟು, ನೀರು ತೊಟ್ಟಿಯ ಉದ್ದಕ್ಕೂ ಸಾಗಿ ಎದುರು ಗಾಜಿಗೆ ತಗುಲಿ ತಳದ ಮೇಲೆ ಹಿಂದಿರುಗುವಂತೆ ತಿರುಗಿಸಿ. ಘಟ್ಟದ ತೊರೆಯ ಮೀನುಗಳಿಗೆ ಆ ಸೆಳೆತ ಇಷ್ಟವೂ ಹೌದು. ಕಸ ಎಲ್ಲಿ ಕೂಡುತ್ತದೆ ಎಂಬುದನ್ನು ಮೊದಲ ವಾರ ಸುಮ್ಮನೆ ಗಮನಿಸಿ, ಫಿಲ್ಟರಿನ ಒಂದು ಹೀರುಕೊಳವೆಯನ್ನು ಅಲ್ಲಿಗೆ ಸರಿಸಿ. ಅದರ ಬಾಯಿ ಮರಳಿನಿಂದ ಒಂದು ಗೇಣಾದರೂ ಮೇಲಿರಲಿ, ಬಾಯಿಗೆ ಒರಟು ಸ್ಪಂಜಿನ ಟೋಪಿ ಇರಲಿ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸುವಾಗ ಸೈಫನ್ನಿನ ಅಗಲವಾದ ತುದಿಯನ್ನು ಮರಳಿಗೆ ಚುಚ್ಚದೆ, ಎರಡು ಬೆರಳು ಮೇಲೆ ಹಿಡಿದು ಸಣ್ಣಗೆ ಸುತ್ತಿಸುತ್ತ ಸಾಗಿದರೆ ಕಸ ಮಾತ್ರ ಏಳುತ್ತದೆ. ಕಾಲುಭಾಗ ಎಂದರೆ ನಿಮಗೆ ಸುಮಾರು 160 ಲೀಟರ್, ನಿಮಿಷಕ್ಕೆ 10 ಲೀಟರಿನಂತೆ ಹದಿನೈದು ಹದಿನಾರು ನಿಮಿಷದ ಕೆಲಸ. ಉಳಿದ ಸಮಯ ನೀರು ತುಂಬಲು ಮತ್ತು ಗಾಜು ಒರೆಸಲು ಸಾಕಾಗುತ್ತದೆ. ಬಕೆಟ್ಟಿಗೆ ಬಂದ ಅಷ್ಟಿಷ್ಟು ಮರಳನ್ನು ತೊಳೆದು ತೊಟ್ಟಿಗೇ ಹಾಕಿ, ಕಸ ಬೆರೆತ ನೀರನ್ನು ಗಿಡಗಳಿಗೆ ಹಾಯಿಸಿ.